ಭಜನೆಗೂ ಬರಲಿ, ಮಾತ್ರೆಯನ್ನೂ ನುಂಗಲಿ: ಪ್ರಾರ್ಥನೆ ಗುಂಪು ನಡೆಸುವವರಿಗೆ ಒಂದಿಷ್ಟು ಮಾತು

ನಮ್ಮದು ಹನುಮಂತನಗರದ ಒಂದು ಸಣ್ಣ ಭಜನಾ ಮಂಡಳಿ. ಶುಕ್ರವಾರ ಸಂಜೆ ಆರಕ್ಕೆ ಶುರುವಾದರೆ ಏಳೂವರೆಗೆ ಮಂಗಳಾರತಿ, ಆಮೇಲೆ ಕೋಸಂಬರಿ, ಆಮೇಲೆ ಅರ್ಧ ಗಂಟೆ ಮಾತುಕತೆ. ನನ್ನ ಚಿಕ್ಕಮ್ಮನ ಮಗ ಅಲ್ಲಿಗೆ ಬರಲು ಶುರು ಮಾಡಿ ಒಂಬತ್ತು ವರ್ಷ ಆಯಿತು. ಅವನಿಗೆ ಬೈಪೋಲಾರ್ ಕಾಯಿಲೆ, ಅಂದರೆ ಮನಸ್ಸು ಒಮ್ಮೊಮ್ಮೆ ಅತಿಯಾಗಿ ಉಬ್ಬಿ ಉನ್ಮಾದಕ್ಕೆ ಹೋಗುವುದು, ಒಮ್ಮೊಮ್ಮೆ ಖಿನ್ನತೆಗೆ ಕುಗ್ಗುವುದು. ಮೊದಲ ದಿನ ಕೈಗೆ ತಾಳ ಕೊಟ್ಟೆವು. ಬೆರಳು ಸಣ್ಣಗೆ ನಡುಗುತ್ತಿತ್ತು. ಹಿಂದೆ ಕೂತಿದ್ದ ಆಂಟಿಯೊಬ್ಬರು ಪಕ್ಕದವರ ಕಿವಿಯಲ್ಲಿ "ನೋಡ್ರೀ, ಮೈಮೇಲೆ ಬರ್ತಿದೆ" ಅಂದರು. ಮೈಮೇಲೆ ಏನೂ ಬಂದಿರಲಿಲ್ಲ. ಆ ಕಾಯಿಲೆಗೆ ಅವನು ನುಂಗುತ್ತಿದ್ದ ಲಿಥಿಯಂ ಮಾತ್ರೆಗೆ ಕೆಲವರ ಕೈ ಹಾಗೆ ನಡುಗುತ್ತದೆ, ಅಷ್ಟೇ.

ಈ ಬರಹ ಅಂಥ ಆಂಟಿಯರಿಗೆ, ಅಂಕಲ್‌ಗಳಿಗೆ, ಮತ್ತು ನನ್ನಂಥವರಿಗೆ. ಭಜನೆ, ಸತ್ಸಂಗ, ಚರ್ಚಿನ ಪ್ರಾರ್ಥನಾ ಕೂಟ, ಮಸೀದಿ ಕಮಿಟಿ, ಯಾವುದೇ ಆಗಲಿ, ನೀವು ಒಂದು ಗುಂಪು ನಡೆಸುತ್ತಿದ್ದೀರಿ, ಅದರಲ್ಲಿ ಒಬ್ಬರಿಗೋ ಅವರ ಮನೆಯವರಿಗೋ ಮಾನಸಿಕ ಕಾಯಿಲೆ ಇದೆ, ಏನು ಮಾಡಬೇಕು ಅಂತ ಗೊತ್ತಾಗುತ್ತಿಲ್ಲ ಅಂತಾದರೆ ಮುಂದೆ ಓದಿ. ಇದರಲ್ಲಿ ಅರ್ಧಕ್ಕರ್ಧ ನಾನು ತಪ್ಪು ಮಾಡಿ ಕಲಿತದ್ದು.

ಮೊದಲು: ನಿಮ್ಮ ಜಾಗ ಯಾವುದು ಅಂತ ತಿಳಿದುಕೊಳ್ಳಿ

ಬೆಂಗಳೂರಿನಲ್ಲಿ ಮನೆಯಲ್ಲೊಬ್ಬರಿಗೆ ನಿದ್ದೆ ಬಿಟ್ಟು ಹೋಗಿ, ಒಬ್ಬರೇ ಮಾತಾಡಿಕೊಳ್ಳಲು ಶುರು ಮಾಡಿದರೆ ಜನ ಮೊದಲು ಎಲ್ಲಿಗೆ ಹೋಗುತ್ತಾರೆ? ಬನಶಂಕರಿಯಲ್ಲಿ ರಾಹುಕಾಲಕ್ಕೆ ನಿಂಬೆಹಣ್ಣಿನ ದೀಪ ಹಚ್ಚುತ್ತಾರೆ. ವಿವೇಕನಗರದ ಬಾಲಯೇಸುವಿನ ಹತ್ತಿರ ಗುರುವಾರ ಹೋಗುತ್ತಾರೆ. ಕಾಟನ್‌ಪೇಟೆ ದರ್ಗಾಕ್ಕೆ ಹೋಗಿ ತಾಯತ ಕಟ್ಟಿಸುತ್ತಾರೆ. ಎಷ್ಟೋ ಮನೆಗಳಲ್ಲಿ ಮೂರನ್ನೂ ಮಾಡುತ್ತಾರೆ. ಹೊಸೂರು ರಸ್ತೆಯಲ್ಲಿ ನಿಮ್ಹಾನ್ಸ್ ಮಾನಸಿಕ ಆಸ್ಪತ್ರೆ ಇದ್ದೂ, ಅದರ ಗೇಟಿನ ಮುಂದೆಯೇ ದಿನಾ ಬಸ್ಸಿನಲ್ಲಿ ಓಡಾಡುತ್ತಿದ್ದೂ, ಒಳಗೆ ಹೋಗುವುದು ಮಾತ್ರ ಕೊನೆಗೆ.

2015-16ರಲ್ಲಿ ನಿಮ್ಹಾನ್ಸ್ ಮುಂದೆ ನಿಂತು 12 ರಾಜ್ಯಗಳಲ್ಲಿ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆ ನಡೆಸಿತು. ವಯಸ್ಕರಲ್ಲಿ ಶೇ 10.6ರಷ್ಟು ಜನರಿಗೆ ಒಂದಲ್ಲ ಒಂದು ಮಾನಸಿಕ ತೊಂದರೆ ಇದೆ ಅಂತ ಅದರಲ್ಲಿ ಕಂಡಿತು. ಅವರಲ್ಲಿ ಚಿಕಿತ್ಸೆ ಸಿಗದೇ ಇರುವವರು, ಕಾಯಿಲೆ ಯಾವುದು ಅನ್ನುವುದರ ಮೇಲೆ, ಶೇ 70ರಿಂದ 92. ಅಂದರೆ ನಿಮ್ಮ ಗುಂಪಿನಲ್ಲಿ ಮೂವತ್ತು ಜನ ಇದ್ದರೆ ಇಬ್ಬರು ಮೂವರಿಗಾದರೂ ಏನೋ ಇರುತ್ತದೆ, ಅದನ್ನು ಡಾಕ್ಟರಿಗಿಂತ ಮೊದಲು ಕೇಳಿಸಿಕೊಳ್ಳುವವರು ನೀವೇ. ಕಾಯಿಲೆ ವಾಸಿ ಮಾಡುವ ಕೆಲಸ ನಿಮ್ಮದಲ್ಲ. ಕೇಳಿಸಿಕೊಂಡ ಮೇಲೆ ಏನು ಮಾಡುತ್ತೀರಿ ಅನ್ನುವುದು ನಿಮ್ಮದು.

ಪ್ರಾರ್ಥನೆಯಿಂದ ಏನಾದರೂ ಆಗುತ್ತದಾ ಅಂತ ಕೇಳುವವರಿದ್ದಾರೆ. ನಿಮ್ಹಾನ್ಸ್‌ನಲ್ಲಿದ್ದ ವೈದ್ಯರೇ ತಮಿಳುನಾಡಿನ ಒಂದು ಸಣ್ಣ ದೇವಸ್ಥಾನದಲ್ಲಿ ಬಂದು ಉಳಿದುಕೊಳ್ಳುತ್ತಿದ್ದ 31 ಜನರನ್ನು ಗಮನಿಸಿ 2002ರಲ್ಲಿ ವರದಿ ಬರೆದರು. ಸರಾಸರಿ ಆರು ವಾರ ಅಲ್ಲಿದ್ದರು, ಮಾತ್ರೆ ಇರಲಿಲ್ಲ, ಲಕ್ಷಣಗಳು ಹೆಚ್ಚುಕಡಿಮೆ ಶೇ 20ರಷ್ಟು ಕಡಿಮೆಯಾಗಿದ್ದವು. ಇದನ್ನು ಹಿಡಿದುಕೊಂಡು "ನೋಡಿ, ಮಾತ್ರೆ ಬೇಡ" ಅನ್ನುವವರನ್ನು ನಾನು ನೋಡಿದ್ದೇನೆ. ಸ್ವಲ್ಪ ತಡೀರಿ. 31 ಜನ ಅಂದರೆ ತೀರಾ ಕಡಿಮೆ, ಹೋಲಿಸಿ ನೋಡಲು ಬೇರೆ ಗುಂಪೂ ಇರಲಿಲ್ಲ. ಅಲ್ಲಿ ದೊಡ್ಡ ಮಂತ್ರ ತಂತ್ರ ಏನೂ ನಡೆಯುತ್ತಿರಲಿಲ್ಲ. ಜೊತೆಗೆ ಮನೆಯವರೊಬ್ಬರು ಇರುತ್ತಿದ್ದರು, ಬೆಳಿಗ್ಗೆ ಸಣ್ಣ ಪೂಜೆ, ಆಮೇಲೆ ದೇವಸ್ಥಾನದ ಕಸ ಗುಡಿಸುವುದು, ಗಿಡಕ್ಕೆ ನೀರು ಹಾಕುವುದು, ಯಾರೂ ಬೈಯುತ್ತಿರಲಿಲ್ಲ. ನಮ್ಮ ಮಂಡಳಿಗೆ ಇದರಲ್ಲಿ ಪಾಠ ಇದೆ ಅನ್ನಿಸಿತು ನನಗೆ. ಅದಕ್ಕೇ ಕೋಸಂಬರಿ ಹಂಚುವ ಕೆಲಸ ಚಿಕ್ಕಮ್ಮನ ಮಗನಿಗೆ ವಹಿಸಿದೆವು.

ಅದೇ ತಮಿಳುನಾಡಿನ ಏರ್ವಾಡಿಯಲ್ಲಿ 2001ರ ಆಗಸ್ಟ್ 6ರಂದು ಏನಾಯಿತು ಅಂತ ನೆನಪಿದೆಯಾ? ದರ್ಗಾದ ಸುತ್ತ ಖಾಸಗಿಯವರು ನಡೆಸುತ್ತಿದ್ದ, ಮಾನಸಿಕ ಕಾಯಿಲೆಯವರ ಆಶ್ರಯಮನೆಯೊಂದಕ್ಕೆ ಬೆಂಕಿ ಬಿತ್ತು. ಸರಪಳಿ ಹಾಕಿ ಕಟ್ಟಿದ್ದ 28 ಜನ ಓಡಲಾಗದೆ ಸತ್ತರು.

ಬಾಯಿ ಬಿಗಿ ಹಿಡಿಯಿರಿ

ಇದು ಸುಲಭ ಅನ್ನಿಸುತ್ತದೆ, ಇದರಲ್ಲೇ ಎಲ್ಲರೂ ಎಡವುವುದು. "ನಮ್ಮ ಇಂಥವರ ಮಗಳಿಗೋಸ್ಕರ ಎಲ್ಲರೂ ಪ್ರಾರ್ಥನೆ ಮಾಡಿ, ಪಾಪ ತಲೆ ಸರಿ ಇಲ್ಲ" ಅಂತ ವಾಟ್ಸಾಪ್ ಗ್ರೂಪಿಗೆ ಹಾಕಿದರೆ ಆ ಹುಡುಗಿಯ ಮದುವೆ ಮಾತುಕತೆ, ಕೆಲಸ, ಬಾಡಿಗೆ ಮನೆ ಎಲ್ಲಕ್ಕೂ ಕಲ್ಲು ಬಿದ್ದ ಹಾಗೆ. ಒಳ್ಳೆ ಮನಸ್ಸಿನಿಂದ ಹಾಕಿದ್ದು ಅಂದರೂ ಬಿದ್ದ ಕಲ್ಲು ಬಿದ್ದದ್ದೇ.

ಹೆಸರು ಹೇಳುವ ಮೊದಲು ಆ ವ್ಯಕ್ತಿಯನ್ನೇ ಕೇಳಿ. ಅವರ ಅಮ್ಮನನ್ನಲ್ಲ, ಅವರನ್ನೇ. "ಶುಕ್ರವಾರ ನಿನ್ನ ಹೆಸರು ಹೇಳಿ ಪ್ರಾರ್ಥನೆ ಮಾಡಲಾ, ಬೇಡವಾ?" ಬೇಡ ಅಂದರೆ "ಕಾಯಿಲೆಯಲ್ಲಿರುವ ಎಲ್ಲರಿಗೂ" ಅಂತ ಮಾಡಿ. ದೇವರಿಗೆ ಯಾರು ಅಂತ ಗೊತ್ತಾಗುತ್ತೆ ಬಿಡಿ.

ಮಾತ್ರೆಗೆ ಕೈ ಹಾಕಬೇಡಿ

ಇಲ್ಲಿ ಸ್ವಲ್ಪ ಜಾಸ್ತಿ ಹೊತ್ತು ನಿಲ್ಲುತ್ತೇನೆ.

ನಾಲ್ಕು ವರ್ಷದ ಹಿಂದೆ ವೈಕುಂಠ ಏಕಾದಶಿ. ನಾನೇ ಅವನಿಗೆ ಹೇಳಿದ್ದು, "ಈ ಸಲ ನಿರ್ಜಲ ಮಾಡು, ಮನಸ್ಸು ಹಗುರ ಆಗುತ್ತೆ" ಅಂತ. ಹಿಂದಿನ ದಿನ ಒಪ್ಪತ್ತು ಊಟ. ಬೆಳಗಿನ ಜಾವ ಮೂರಕ್ಕೆ ಎದ್ದು ದೇವಸ್ಥಾನದ ಸಾಲಿನಲ್ಲಿ ನಿಂತೆವು. ಒಂದು ಹನಿ ನೀರಿಲ್ಲ. ಮಾತ್ರೆ ಮಾತ್ರ ಅವನು ಬಿಡಲಿಲ್ಲ, ಬರೀ ಬಾಯಲ್ಲಿ ನುಂಗಿದ. ಮಧ್ಯಾಹ್ನ ತಲೆ ಸಿಡಿಯುತ್ತಿದೆ ಅಂದಾಗ ನನ್ನ ಪರ್ಸಿನಲ್ಲಿದ್ದ ಐಬುಪ್ರೊಫೆನ್ ಕೊಟ್ಟೆ, ರಾತ್ರಿ ಇನ್ನೊಂದು. ಬೆಳಿಗ್ಗೆ ಪಾರಣೆಗೆ ಎಲೆ ಮುಂದೆ ಕೂತವನು ಎದ್ದು ಹೋಗಿ ವಾಂತಿ ಮಾಡಿದ. ಕುಡಿದವರ ಹಾಗೆ ವಾಲಾಡಿಕೊಂಡು ನಡೆಯುತ್ತಿದ್ದ, ಮಾತು ತೊದಲುತ್ತಿತ್ತು, ತಟ್ಟೆ ಹಿಡಿಯಲಾಗದಷ್ಟು ಕೈ ಅದುರುತ್ತಿತ್ತು. "ಸಾಲಿನಲ್ಲಿ ಯಾರದ್ದೋ ದೃಷ್ಟಿ ಬಿದ್ದಿದೆ" ಅಂತ ಉಪ್ಪು ಮೆಣಸಿನಕಾಯಿ ನಿವಾಳಿಸಲು ಒಬ್ಬರು ಅಡುಗೆಮನೆಗೆ ಹೋದರು. ಪುಣ್ಯಕ್ಕೆ ಚಿಕ್ಕಮ್ಮ ಆಟೋ ಕರೆದರು. ಆಸ್ಪತ್ರೆಯಲ್ಲಿ ರಕ್ತ ನೋಡಿದರೆ ಲಿಥಿಯಂ ಮಟ್ಟ ಏರಿತ್ತು.

ಡಾಕ್ಟರು ಬಿಡಿಸಿ ಹೇಳಿದರು. ಲಿಥಿಯಂ ಮೈಯಿಂದ ಹೊರಗೆ ಹೋಗುವುದು ಮೂತ್ರಪಿಂಡದ ಮೂಲಕ. ನೀರು ಕಡಿಮೆಯಾದರೆ, ಊಟದಲ್ಲಿ ಉಪ್ಪು ಒಮ್ಮೆಲೇ ಕಡಿಮೆಯಾದರೆ ಅದು ರಕ್ತದಲ್ಲೇ ಉಳಿದುಕೊಳ್ಳುತ್ತದೆ. ಐಬುಪ್ರೊಫೆನ್‌ನಂಥ ನೋವಿನ ಮಾತ್ರೆ ಅದನ್ನು ಇನ್ನೂ ಏರಿಸುತ್ತದೆ. ನಾನು ಒಂದೇ ಏಕಾದಶಿಯಲ್ಲಿ ಮೂರನ್ನೂ ಒಟ್ಟಿಗೆ ಮಾಡಿಸಿದ್ದೆ.

ಹಾಗಾಗಿ ಲಿಥಿಯಂ ತೆಗೆದುಕೊಳ್ಳುವವರಿಗೆ ನಿರ್ಜಲ ಉಪವಾಸ, ಉಪ್ಪಿಲ್ಲದ ವ್ರತ ಹೇಳಲೇಬೇಡಿ. ರೋಜಾ ಇಡಬೇಕು ಅನ್ನುವವರು ರಂಜಾನ್‌ಗೆ ಮೂರ್ನಾಲ್ಕು ವಾರ ಮೊದಲೇ ಡಾಕ್ಟರನ್ನು ನೋಡಲಿ. ಕೆಲವು ಮಾತ್ರೆಗಳನ್ನು ಸಹರಿಗೂ ಇಫ್ತಾರಿಗೂ ಹೊಂದಿಸಿಕೊಡಬಹುದು, ಕೆಲವನ್ನು ಆಗುವುದಿಲ್ಲ. ಕಾಯಿಲೆಯವರಿಗೆ ಉಪವಾಸದಿಂದ ವಿನಾಯಿತಿ ಕುರಾನ್‌ನಲ್ಲೇ ಇದೆ, ಕಥೋಲಿಕರ ನಿಯಮದಲ್ಲೂ ಇದೆ, ನಮ್ಮಲ್ಲೂ ಆತುರನಿಗೆ ನಿಯಮವಿಲ್ಲ ಅಂತಲೇ ಹೇಳುವುದು. ಇದನ್ನು ಮನೆಯವರು ಹೇಳಿದರೆ ಅವರು ಕೇಳದೇ ಇರಬಹುದು. ಅರ್ಚಕರು, ಮೌಲ್ವಿ ಸಾಹೇಬರು, ಫಾದರ್ ಹೇಳಿದರೆ ಕೇಳುತ್ತಾರೆ. ಗುಂಪಿನ ಮುಖ್ಯಸ್ಥರು ನೀವಾಗಿದ್ದರೆ ನೀವೇ ಬಾಯಿಬಿಟ್ಟು ಹೇಳಿ: "ನೀನು ನೀರು ಕುಡಿ, ಊಟ ಮಾಡು, ನಿನಗೆ ದೋಷ ಇಲ್ಲ."

ಇನ್ನೊಂದು. ಖಿನ್ನತೆಯ ಮಾತ್ರೆಗಳು ಕೆಲಸ ಶುರು ಮಾಡಲು ಎರಡರಿಂದ ನಾಲ್ಕು ವಾರ ಬೇಕು, ಪೂರ್ತಿ ಗುಣ ಕಾಣಲು ಇನ್ನೂ ಜಾಸ್ತಿ. ಹತ್ತನೇ ದಿನಕ್ಕೆ "ಏನೂ ಆಗ್ತಿಲ್ಲ ಆಂಟಿ, ಬಿಟ್ಟುಬಿಡ್ಲಾ?" ಅಂತ ನಿಮ್ಮನ್ನೇ ಕೇಳುತ್ತಾರೆ. ಡಾಕ್ಟರನ್ನು ಕೇಳದೆ ಬಿಡಬೇಡ ಅನ್ನಿ, ಅಷ್ಟು ಸಾಕು. ವಾಸಿಯಾದ ಹಾಗೆ ಕಂಡಾಗಲೂ ಅಷ್ಟೇ. ಚೆನ್ನಾಗಿರುವುದು ಮಾತ್ರೆಯಿಂದಲೇ ಆಗಿರಬಹುದು, ಒಮ್ಮೆಲೇ ನಿಲ್ಲಿಸಿದರೆ ಕಾಯಿಲೆ ಮರಳಿ ಬರಬಹುದು. ವೇದಿಕೆ ಮೇಲೆ ನಿಲ್ಲಿಸಿ "ಮಾತ್ರೆ ಎಸೆದೆ, ದೇವರು ಗುಣಪಡಿಸಿದ" ಅಂತ ಸಾಕ್ಷಿ ಹೇಳಿಸುವ ಗುಂಪುಗಳಿವೆ. ದಯವಿಟ್ಟು ಆ ಪದ್ಧತಿ ಬಿಡಿ. ಒಂದು ಸಲ ಹಾಗೆ ಹೇಳಿದವರಿಗೆ ಕಾಯಿಲೆ ತಿರುಗಿ ಬಂದಾಗ ಅವರು ಡಾಕ್ಟರ ಹತ್ತಿರವೂ ಹೋಗುವುದಿಲ್ಲ, ನಾಚಿಕೆಗೆ ನಿಮ್ಮ ಹತ್ತಿರವೂ ಬರುವುದಿಲ್ಲ.

ನಮ್ಮ ಮಂಡಳಿಯಲ್ಲಿ ಈಗ ಸಂಜೆ ಮಾತ್ರೆ ಇರುವವರು ಮಂಗಳಾರತಿ ಆದ ಮೇಲೆ ಅಲ್ಲೇ ನುಂಗುತ್ತಾರೆ. ಬಿಪಿಯವರು, ಸಕ್ಕರೆ ಕಾಯಿಲೆಯವರು, ಇವನು, ಎಲ್ಲರೂ ಒಟ್ಟಿಗೆ, ಒಂದೇ ತಂಬಿಗೆ ನೀರಲ್ಲಿ.

ನಿದ್ದೆ ಕೆಡಿಸಬೇಡಿ

ಬೈಪೋಲಾರ್ ಇರುವವರಿಗೆ ಒಂದೆರಡು ರಾತ್ರಿ ನಿದ್ದೆಗೆಟ್ಟರೆ ಉನ್ಮಾದ ಶುರುವಾಗಬಹುದು. ಶಿವರಾತ್ರಿ ಜಾಗರಣೆ, ಇಡೀ ರಾತ್ರಿಯ ಪ್ರಾರ್ಥನೆ, ಅಖಂಡ ಭಜನೆ ಇವೆಲ್ಲ ಅವರಿಗೆ ಆಗಿಬರುವುದಿಲ್ಲ. ಮೊದಲ ಯಾಮದ ಪೂಜೆಗೆ ಕರೆಯಿರಿ, ಹತ್ತಕ್ಕೆ ಮನೆಗೆ ಬಿಟ್ಟು ಬನ್ನಿ. ಇನ್ನು ಕೆಲವು ಮಾತ್ರೆಗಳಿಂದ ಬೆಳಿಗ್ಗೆ ಏಳಲಾಗದಷ್ಟು ಮಂಪರು ಇರುತ್ತದೆ. ಧನುರ್ಮಾಸದ ಐದು ಗಂಟೆ ಪೂಜೆಗೆ ಬರಲಿಲ್ಲ ಅಂತ ಸೋಮಾರಿ ಅನ್ನಬೇಡಿ.

ಏನಂತ ಪ್ರಾರ್ಥನೆ ಮಾಡುವುದು?

ಗಟ್ಟಿಯಾಗಿ ಹೇಳುವ ಮಾತುಗಳ ಮೇಲೆ ನಿಗಾ ಇರಲಿ. "ಇವಳಲ್ಲಿರುವ ದುಷ್ಟಶಕ್ತಿ ತೊಲಗಲಿ" ಅಂತ ತಲೆ ಮೇಲೆ ಕೈಯಿಟ್ಟು ಕೂಗಿದರೆ, ಮೊದಲೇ ಕಿವಿಯಲ್ಲಿ ಧ್ವನಿ ಕೇಳುತ್ತಿರುವ ಹುಡುಗಿ "ಹೌದು, ನನ್ನೊಳಗೆ ಯಾರೋ ಇದ್ದಾರೆ" ಅಂತ ಗಟ್ಟಿ ಮಾಡಿಕೊಳ್ಳುತ್ತಾಳೆ. "ಹಿಂದಿನ ಜನ್ಮದ ಕರ್ಮ", "ನಂಬಿಕೆ ಸಾಲದು", "ಅಪ್ಪನ ಪಾಪ" ಇವನ್ನೆಲ್ಲ ಬಿಡಿ. ಖಿನ್ನತೆ ಇರುವವರು ತಮ್ಮದೇ ತಪ್ಪು ಅಂತ ದಿನವಿಡೀ ತಮಗೆ ತಾವೇ ಹೇಳಿಕೊಳ್ಳುತ್ತಿರುತ್ತಾರೆ, ಅದಕ್ಕೆ ನೀವು ದೇವರ ಮೊಹರು ಒತ್ತಬೇಡಿ.

ಸಣ್ಣದು ಕೇಳಿಕೊಳ್ಳಿ. ಇವತ್ತು ರಾತ್ರಿ ನಿದ್ದೆ ಬರಲಿ. ನಾಳೆ ಅನ್ನ ಸೇರಲಿ. ಡಾಕ್ಟರಿಗೆ ಸರಿಯಾದ ಮಾತ್ರೆ ಹೊಳೆಯಲಿ. ಅಮ್ಮನಿಗೆ ತಾಳ್ಮೆ ಕೊಡು. ನಮ್ಮ ಮಂಡಳಿಯ ಹಿರಿಯರೊಬ್ಬರು ಕಣ್ಣು ಮುಚ್ಚಿ "ಅವನ ಆಫೀಸಿನ ಮ್ಯಾನೇಜರಿಗೂ ಒಳ್ಳೆ ಬುದ್ಧಿ ಕೊಡಪ್ಪಾ" ಅಂದಾಗ ಚಿಕ್ಕಮ್ಮನ ಮಗ ಜೋರಾಗಿ ನಕ್ಕಿದ್ದ. ಅವನು ನಕ್ಕಿದ್ದನ್ನು ನಾವು ನೋಡಿ ಐದಾರು ತಿಂಗಳಾಗಿತ್ತು.

ಮೈ ಮುಟ್ಟುವ ಮೊದಲು ಕೇಳಿ. ನೂಕುವುದು, ಹೊಡೆಯುವುದು, ಕೂದಲು ಹಿಡಿದು ಆಡಿಸುವುದು, ಹೊಗೆ ಹಾಕುವುದು ಇದ್ಯಾವುದೂ ಪ್ರಾರ್ಥನೆ ಅಲ್ಲ. ದೆವ್ವ ಬಿಡಿಸುತ್ತೇನೆ ಅಂತ ಹಿಂಸೆ ಕೊಡುವುದು ಕರ್ನಾಟಕದ 2017ರ ಮೌಢ್ಯ ಪ್ರತಿಬಂಧ ಕಾಯ್ದೆಯಲ್ಲಿ ಅಪರಾಧ. ಸರಪಳಿ ಹಾಕಿ ಕಟ್ಟುವುದನ್ನು ಕೇಂದ್ರದ 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ ಪೂರ್ತಿಯಾಗಿ ನಿಷೇಧಿಸಿದೆ. ಅಂಥ ಜಾಗಕ್ಕೆ ಕರೆದುಕೊಂಡು ಹೋಗಿ ಅಂತ ಯಾರಾದರೂ ವಿಳಾಸ ಕೊಟ್ಟರೆ ಅಲ್ಲೇ ಹರಿದು ಹಾಕಿ.

ಪ್ರಾರ್ಥನೆಯೇ ಕಾಯಿಲೆಯ ಭಾಗವಾದಾಗ

ಇದು ಗುಂಪಿನವರಿಗೆ ಬೇಗ ಗೊತ್ತಾಗುವುದಿಲ್ಲ, ಯಾಕೆಂದರೆ ನೋಡಲು ಭಕ್ತಿಯ ಹಾಗೇ ಇರುತ್ತದೆ. ಒಬ್ಬರು ಮಡಿ ಮೈಲಿಗೆ ಅಂತ ಸ್ನಾನದ ಮನೆಯಲ್ಲೇ ಎರಡು ಗಂಟೆ ಇರುತ್ತಾರೆ. ಒಬ್ಬರು ನಮಾಜಿಗೆ ಮೊದಲು ಕೈಕಾಲು ಮುಖ ತೊಳೆಯುವ ವುಜೂ ಸರಿಯಾಗಲಿಲ್ಲ ಅಂತ ಇಪ್ಪತ್ತು ಸಲ ಮಾಡುತ್ತಾರೆ. ಒಬ್ಬರು ಸ್ತೋತ್ರದಲ್ಲಿ ಒಂದಕ್ಷರ ತಪ್ಪಿತು ಅಂತ ಮೊದಲಿಂದ ಹೇಳುತ್ತಾರೆ, ಮತ್ತೆ ಮೊದಲಿಂದ. ಮಾಡುವಾಗ ಮುಖದಲ್ಲಿ ನೆಮ್ಮದಿ ಇರುವುದಿಲ್ಲ, ಹೆದರಿಕೆ ಇರುತ್ತದೆ. ಇದು ಗೀಳು ಕಾಯಿಲೆ ಇರಬಹುದು. "ಸರಿಯಾಗಿ ಆಯ್ತಲ್ವಾ? ದೇವರು ಸಿಟ್ಟಾಗಲ್ಲ ಅಲ್ವಾ?" ಅಂತ ಕೇಳುತ್ತಲೇ ಇರುತ್ತಾರೆ. ನೀವು ಪ್ರತಿ ಸಲ "ಆಯ್ತಮ್ಮ, ಸರಿಯಾಯ್ತು" ಅಂದರೆ ಐದು ನಿಮಿಷ ಸಮಾಧಾನ, ಆಮೇಲೆ ಅದೇ ಪ್ರಶ್ನೆ. ಆ ಉತ್ತರವೇ ಗೀಳಿಗೆ ಗೊಬ್ಬರ. ಇನ್ನಷ್ಟು ಜಪ ಹೇಳಿಕೊಡಬೇಡಿ, ಡಾಕ್ಟರ ಹತ್ತಿರ ಕಳಿಸಿ. ಇದಕ್ಕೆ ಒಳ್ಳೆ ಚಿಕಿತ್ಸೆ ಇದೆ.

ಇನ್ನು "ದೇವರು ನನ್ನ ಜೊತೆ ಮಾತಾಡ್ತಾನೆ, ನಾನೇ ಅವತಾರ" ಅನ್ನುವವರು. ವಾದ ಮಾಡಿ ಗೆಲ್ಲಲು ಹೋಗಬೇಡಿ, ಕಾಲಿಗೂ ಬೀಳಬೇಡಿ. "ನಿನಗೆ ಹಾಗೆ ಕೇಳಿಸ್ತಿದೆ, ಸರಿ. ನಿದ್ದೆ ಮಾಡಿ ಎಷ್ಟು ದಿನ ಆಯ್ತು?" ಅಂತ ಮಾತನ್ನು ಊಟ ನಿದ್ದೆಯ ಕಡೆಗೆ ತಿರುಗಿಸಿ. ಆ ಧ್ವನಿ ತನಗೋ ಬೇರೆಯವರಿಗೋ ಏಟು ಮಾಡು ಅಂತ ಹೇಳುತ್ತಿದೆ ಅಂತಾದರೆ ಅದು ಅವತ್ತೇ ಆಸ್ಪತ್ರೆಗೆ ಹೋಗಬೇಕಾದ ವಿಷಯ.

ಸಾಯುವ ಮಾತು ಬಂದಾಗ

"ದೇವರು ಬೇಗ ಕರ್ಕೊಂಡರೆ ಸಾಕು" ಅನ್ನುವುದು ನಮ್ಮ ಅಜ್ಜಿಯಂದಿರ ಬಾಯಲ್ಲಿ ದಿನಾ ಇರುವ ಮಾತು, ಹಾಗಾಗಿ ನಾವು ಕಿವಿಗೇ ಹಾಕಿಕೊಳ್ಳುವುದಿಲ್ಲ. ಹಾಕಿಕೊಳ್ಳಿ. ಒಬ್ಬರೇ ಇದ್ದಾಗ ನೇರವಾಗಿ ಕೇಳಿ, "ಸಾಯಬೇಕು ಅಂತ ಯೋಚನೆ ಬರ್ತಿದೆಯಾ?" ಕೇಳಿದರೆ ಎಲ್ಲಿ ತಲೆಗೆ ಹಾಕಿದ ಹಾಗಾಗುತ್ತೋ ಅನ್ನುವ ಹೆದರಿಕೆ ಬೇಡ, ಹಾಗಾಗುವುದಿಲ್ಲ. ಕೇಳುವವರು ಸಿಕ್ಕರಲ್ಲ ಅಂತ ಎಷ್ಟೋ ಜನ ಅತ್ತುಬಿಡುತ್ತಾರೆ. ಆತ್ಮಹತ್ಯೆ ಮಹಾಪಾಪ, ನರಕ ಅಂತ ಉಪದೇಶ ಶುರು ಮಾಡಬೇಡಿ.

ಹೌದು ಅಂದರೆ ಒಂಟಿ ಬಿಡಬೇಡಿ. ಮನೆಯಲ್ಲಿರುವ ಮಾತ್ರೆ, ಕ್ರಿಮಿನಾಶಕ ಎಲ್ಲ ಬೇರೆಯವರ ಕೈಯಲ್ಲಿರಲಿ. ಪಕ್ಕದಲ್ಲೇ ಕೂತು 14416ಕ್ಕೆ ಫೋನ್ ಮಾಡಿ. ಅದು ಟೆಲಿ ಮನಸ್, 2022ರ ಅಕ್ಟೋಬರ್‌ನಲ್ಲಿ ಶುರುವಾದ ಸರ್ಕಾರದ ಸಹಾಯವಾಣಿ, ದುಡ್ಡಿಲ್ಲ, ಹಗಲು ರಾತ್ರಿ ಯಾವಾಗಲೂ, ಕನ್ನಡದಲ್ಲೇ ಮಾತಾಡಬಹುದು. ಈಗಲೇ ಏನಾದರೂ ಮಾಡಿಕೊಳ್ಳಬಹುದು ಅನ್ನಿಸಿದರೆ ಬೆಳಗಾಗಲಿ ಅಂತ ಕಾಯಬೇಡಿ, ನಿಮ್ಹಾನ್ಸ್‌ನ ತುರ್ತು ವಿಭಾಗ 24 ಗಂಟೆಯೂ ತೆರೆದಿರುತ್ತದೆ. ಏನಾದರೂ ನುಂಗಿಬಿಟ್ಟಿದ್ದರೆ, ಗಾಯ ಮಾಡಿಕೊಂಡಿದ್ದರೆ ಮೊದಲು 108, ಹತ್ತಿರದ ಆಸ್ಪತ್ರೆ. ಪೊಲೀಸ್ ಕೇಸ್ ಆಗುತ್ತೆ ಅಂತ ಮುಚ್ಚಿಡುವವರಿದ್ದಾರೆ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ ಬಂದ ಮೇಲೆ, ಆತ್ಮಹತ್ಯೆಗೆ ಪ್ರಯತ್ನಿಸಿದವರು ತೀವ್ರ ಒತ್ತಡದಲ್ಲಿದ್ದರು ಅಂತಲೇ ತಿಳಿದು, ಶಿಕ್ಷೆಯ ಬದಲು ಆರೈಕೆ ಕೊಡಬೇಕು.

ಆಸ್ಪತ್ರೆಗೆ ಜೊತೆ ಹೋಗಿ

ನನ್ನನ್ನು ಕೇಳಿದರೆ ನೂರೆಂಟು ಪ್ರದಕ್ಷಿಣೆಗಿಂತ ಇದು ದೊಡ್ಡ ಸೇವೆ. ಹೊರರೋಗಿ ವಿಭಾಗಕ್ಕೆ ಹೋದರೆ ಒಂದು ದಿನ ಹೋದ ಹಾಗೆ ಅಂತಲೇ ಇಟ್ಟುಕೊಳ್ಳಿ. ಬೆಳಿಗ್ಗೆ ಬೇಗ ಹೊರಡಿ. ಡೈರಿ ಸರ್ಕಲ್ ಹತ್ತಿರದ ಟ್ರಾಫಿಕ್ ನಿಮಗೆ ಗೊತ್ತೇ ಇದೆ. ಹಳೇ ಚೀಟಿಗಳು, ಈಗ ನುಂಗುತ್ತಿರುವ ಮಾತ್ರೆಯ ಪಟ್ಟಿ, ಆಧಾರ್, ಬಿಪಿಎಲ್ ಕಾರ್ಡ್ ಇದ್ದರೆ ಅದು, ನೀರು, ಚಿತ್ರಾನ್ನದ ಡಬ್ಬಿ. ಒಂದು ಹಾಳೆಯಲ್ಲಿ ಬರೆದುಕೊಂಡು ಹೋಗಿ: ಯಾವಾಗಿಂದ, ನಿದ್ದೆ ಎಷ್ಟು, ಊಟ ಹೇಗೆ, ಯಾವ ತಾಯತ, ಯಾವ ಕಷಾಯ, ಯಾವ ಉಪವಾಸ. ದೇವಸ್ಥಾನಕ್ಕೆ ಹೋಗಿದ್ದನ್ನು ಡಾಕ್ಟರ ಹತ್ತಿರ ಮುಚ್ಚಿಡಬೇಡಿ. ನಾನು ನೋಡಿದ ಡಾಕ್ಟರುಗಳು ಅದಕ್ಕೆ ಬೈದಿಲ್ಲ, "ಪೂಜೆ ಮಾಡಿ, ಮಾತ್ರೆಯನ್ನೂ ಕೊಡಿ" ಅಂದಿದ್ದಾರೆ.

ಇದೇನು ಹೊಸದಲ್ಲ. ಬೆಂಗಳೂರಿನಲ್ಲೇ ಪಾಟರಿ ರಸ್ತೆಯಲ್ಲಿ ಮೆಡಿಕೋ ಪಾಸ್ಟೋರಲ್ ಅಸೋಸಿಯೇಷನ್ ಅಂತ 1964ರಲ್ಲಿ ಹುಟ್ಟಿದ ಸಂಸ್ಥೆ ಇದೆ. ಆಸ್ಪತ್ರೆಯಿಂದ ಬಂದವರು ಮನೆಗೆ, ಕೆಲಸಕ್ಕೆ ಮರಳುವ ಮುಂಚೆ ಕೆಲ ಕಾಲ ಉಳಿದು ಚೇತರಿಸಿಕೊಳ್ಳುವ ಮನೆ ನಡೆಸುತ್ತದೆ. ವೈದ್ಯವೂ ಪಾದ್ರಿಗಳ ಆರೈಕೆಯೂ ಅದರ ಹೆಸರಲ್ಲೇ ಜೊತೆಗಿವೆ. ಗುಜರಾತಿನ ಉನಾವಾದ ಮೀರಾ ದಾತಾರ್ ದರ್ಗಾದಲ್ಲಿ ದರ್ಗಾ ನೋಡಿಕೊಳ್ಳುವ ಮುಜಾವರರೇ ಬಂದವರಿಗೆ ದುವಾ (ಪ್ರಾರ್ಥನೆ) ಮಾಡಿ, ಅಲ್ಲೇ ಇರುವ ಮನೋವೈದ್ಯರ ಹತ್ತಿರ ದವಾಕ್ಕೆ (ಔಷಧಿಗೆ) ಕಳಿಸುವ ಏರ್ಪಾಡು ಮಾಡಿಕೊಂಡರು.

ಮನೆಯವರನ್ನೂ ಮರೆಯಬೇಡಿ. ನಮ್ಮ ಚಿಕ್ಕಮ್ಮ ಮೂರು ವರ್ಷ ಒಂದು ಮದುವೆಗೂ ಹೋಗಿರಲಿಲ್ಲ. ಮಂಡಳಿಯ ಇಬ್ಬರು ಒಂದು ಭಾನುವಾರ ಅವರ ಮನೆಯಲ್ಲಿ ಕೂತರು, ಅವನ ಜೊತೆ ಟಿವಿಯಲ್ಲಿ ಕ್ರಿಕೆಟ್ ನೋಡಿದರು, ಚಿಕ್ಕಮ್ಮ ಗಾಂಧಿ ಬಜಾರಿಗೆ ಹೋಗಿ ಸುಮ್ನೆ ಸುತ್ತಿಕೊಂಡು, ಒಂದು ಮಸಾಲೆ ದೋಸೆ ತಿಂದುಕೊಂಡು, ಒಂದು ಮೊಳ ಮಲ್ಲಿಗೆ ಹಿಡಿದುಕೊಂಡು ಬಂದರು. ಅಷ್ಟೇ ಕೇಳಿದ್ದು ಅವರು.

ಬರುವುದು ನಿಲ್ಲಿಸಿದರೆ, ಮತ್ತೆ ಬಂದರೆ

ಎರಡು ಶುಕ್ರವಾರ ಬರಲಿಲ್ಲ ಅಂದರೆ ಫೋನ್ ಮಾಡಿ. ಮೂರನೇದಕ್ಕೆ ಮನೆಗೆ ಹೋಗಿ, ಒಬ್ಬರು ಇಬ್ಬರು ಮಾತ್ರ, ದಂಡು ಕಟ್ಟಿಕೊಂಡು ಬೇಡ. ಅಡ್ಮಿಟ್ ಆಗಿದ್ದಾರೆ ಅಂತ ಗೊತ್ತಾದರೆ, ಅಪೆಂಡಿಕ್ಸ್ ಆಪರೇಷನ್ ಆದವರ ಮನೆಗೆ ಏನು ಕಳಿಸುತ್ತೀರೋ ಅದನ್ನೇ ಕಳಿಸಿ, ಅನ್ನ ಸಾರು.

ವಾಪಸ್ ಬಂದ ದಿನ ಎಲ್ಲರೂ ತಿರುಗಿ ನೋಡುತ್ತಾರೆ, ತಡೆಯಲಾಗುವುದಿಲ್ಲ. "ಎಲ್ಲಿ ಹೋಗಿದ್ದೆ, ಎಷ್ಟು ದಪ್ಪ ಆಗಿದ್ದೀಯ" ಅನ್ನುವುದನ್ನು ಮಾತ್ರ ತಡೆಯಬಹುದು. ಕೆಲವು ಮಾತ್ರೆಗಳಿಂದ ತೂಕ ಏರುತ್ತದೆ, ಅದು ಅವರಿಗೂ ಗೊತ್ತಿದೆ. ಇವನು ಕಳೆದ ಸಲ ಆರು ವಾರದ ಮೇಲೆ ಬಂದಾಗ ಮೈಮೇಲೆ ಬರ್ತಿದೆ ಅಂದಿದ್ದರಲ್ಲ, ಅದೇ ಆಂಟಿ ಸರಿದು ಪಕ್ಕದಲ್ಲಿ ಜಾಗ ಮಾಡಿಕೊಟ್ಟು, "ಕೂತ್ಕೋಪ್ಪ, ತಾಳ ನಿಂಗೇ ಇಟ್ಟಿದೀವಿ, ಕೋಸಂಬರಿಗೆ ಉಪ್ಪು ಸರಿಯಾಗಿದೆಯಾ ನೋಡು" ಅಂದರು. ನೋಡಿದ. ಜಾಸ್ತಿಯಾಗಿದೆ ಅಂದ.